ಕಾಕಾನ ಹೈಬ್ರಿಡ್ ಕಾರು: ಬುಕಿಂಗ್‌ಗೆ ಮುಂಚೆ ಒಂದು ಲೆಕ್ಕ

ನಾವು ನಾಲ್ವರು ಒಂದೇ ಹಾಸ್ಟೆಲ್ ರೂಮಿನವರು. ಒಬ್ಬ ಜಮಖಂಡಿ, ಒಬ್ಬ ಮುಧೋಳ, ಒಬ್ಬ ಬೀಳಗಿ, ಇನ್ನೊಬ್ಬ ರಬಕವಿ-ಬನಹಟ್ಟಿ. ದೀಪಾವಳಿ ರಜೆಯಲ್ಲಿ ಬನಹಟ್ಟಿ ಗೆಳೆಯನ ಮನೆಗೆ ಹೋದಾಗ ಅವನ ಕಾಕಾ ಒಂದು ಕೊಟೇಶನ್ ಹಾಳೆ ತಂದು ನಮ್ಮ ಮುಂದೆ ಇಟ್ಟರು. ಸೀರೆ ವ್ಯಾಪಾರ ಅವರದು. ಜೊತೆಗೆ ಒಂದಿಷ್ಟು ಕಬ್ಬಿನ ಹೊಲವೂ ಇದೆ.

"ತಮ್ಮಾ, ನೀವು ಇಂಜಿನಿಯರಿಂಗ್ ಓದಾಕತ್ತೀರಿ. ಈ ಹೈಬ್ರಿಡ್ ಗಾಡಿ ತಗೋಬೇಕೋ ಬ್ಯಾಡೋ, ಲೆಕ್ಕಾ ಹಾಕಿ ಹೇಳ್ರಿ ನೋಡೂಣು. ಎಣ್ಣಿ ಖರ್ಚಿನಾಗ ರೊಕ್ಕಾ ವಾಪಸ್ ಬರ್ತೈತಿ ಅಂತಾರು."

ಮಾರ್ಕ್ಸ್ ಇಲ್ಲದ ಪರೀಕ್ಷೆ, ಆದರೆ ತಪ್ಪು ಉತ್ತರ ಬರೆದರೆ ಹೋಗುವುದು ಕಾಕಾನ ಲಕ್ಷಗಟ್ಟಲೆ ದುಡ್ಡು. ಎರಡು ದಿನ ಕೂತು ನಾವು ಮಾಡಿದ ಲೆಕ್ಕ ಇದು. ನಿಮ್ಮ ಮನೆಯಲ್ಲೂ ಯಾರಾದರೂ ಕೇಳಿದರೆ ಉಪಯೋಗಕ್ಕೆ ಬಂದೀತು.

ಯಾವ ಹೈಬ್ರಿಡ್?

ಚಿಕ್ಕ ಗಾತ್ರದ ಐಷಾರಾಮಿ ಹೈಬ್ರಿಡ್ ಅಂದರೆ ಹೊರದೇಶಗಳಲ್ಲಿ ಹಲವು ವರ್ಷ ಲೆಕ್ಸಸ್ ಸಿಟಿ 200ಎಚ್ ಹೆಸರು ಕೇಳಿಬರುತ್ತಿತ್ತು. ಟೊಯೋಟಾ ಪ್ರಿಯಸ್‌ನ 1.8 ಲೀಟರ್ ಇಂಜಿನ್ ವ್ಯವಸ್ಥೆಗೇ ಒಳ್ಳೆಯ ಸೀಟು, ಒಳ್ಳೆಯ ಒಳಾಂಗಣ ಕೂಡಿಸಿದ ಕಾರು ಅದು. ಲೆಕ್ಸಸ್ 2017ರಲ್ಲಿ ಭಾರತಕ್ಕೆ ಬಂದಾಗ ಅದನ್ನು ತರಲಿಲ್ಲ. ನಮ್ಮ ಕಡೆ ಜನ ನಿಜವಾಗಿ ಕೊಳ್ಳುವ ಅಂಥ ಗಾಡಿಗಳು ಬೇರೆ: 2022ರಲ್ಲಿ ಬಂದ ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್, ಮಾರುತಿ ಗ್ರ್ಯಾಂಡ್ ವಿಟಾರಾ, ಹೋಂಡಾ ಸಿಟಿ ಹೈಬ್ರಿಡ್. ಇವುಗಳಲ್ಲಿ ಮೊದಲೆರಡು ನಮ್ಮ ಬಿಡದಿಯಲ್ಲೇ ತಯಾರಾದವು.

ಇಲ್ಲಿ ಮೊದಲ ಎಚ್ಚರಿಕೆ. ಹೈರೈಡರ್, ವಿಟಾರಾ ಎರಡರಲ್ಲೂ 'ಮೈಲ್ಡ್ ಹೈಬ್ರಿಡ್', 'ಸ್ಟ್ರಾಂಗ್ ಹೈಬ್ರಿಡ್' ಎಂಬ ಎರಡು ಬಗೆ ಇವೆ. ಮೈಲ್ಡ್‌ನಲ್ಲಿ ಸಣ್ಣ ಮೋಟರ್ ಇಂಜಿನ್‌ಗೆ ಕೈಜೋಡಿಸುತ್ತದೆ ಅಷ್ಟೇ, ಒಂದೇ ಗಾಡಿ ಎಳೆಯಲಾರದು. ಸ್ಟ್ರಾಂಗ್‌ನಲ್ಲಿ ಇಂಜಿನ್ ಪೂರ್ತಿ ಬಂದ್ ಆಗಿ ಬರೀ ಮೋಟರ್ ಮೇಲೆ ಕಾರು ಓಡಬಲ್ಲದು. ಕಾಕಾ ಕೊಟೇಶನ್‌ನಲ್ಲಿ 'ಹೈಬ್ರಿಡ್' ಅಂತ ಮಾತ್ರ ಓದಿದ್ದರು. ಯಾವುದು ಅಂತ ಬರೆಸಿಕೊಳ್ಳಿ ಎಂದೆವು.

ಒಳಗೆ ಏನಾಗುತ್ತದೆ?

ಮೆಕ್ಯಾನಿಕಲ್‌ನವರಿಗೆ ಎಪಿಸೈಕ್ಲಿಕ್ ಗೇರ್ ಟ್ರೇನ್ ನೆನಪಿರಬೇಕು. ಹಲವರು ಸಪ್ಲಿಮೆಂಟರಿ ಕಟ್ಟಿದ್ದೇ ಅದರಲ್ಲಿ! ಟೊಯೋಟಾ ಪದ್ಧತಿಯ ಹೃದಯ ಅದೇ. ನಡುವಿನ ಸೂರ್ಯ ಗೇರ್‌ಗೆ ಒಂದು ಜನರೇಟರ್, ಗ್ರಹ ಗೇರ್‌ಗಳನ್ನು ಹಿಡಿದ ಚೌಕಟ್ಟಿಗೆ ಇಂಜಿನ್. ಹೊರಗಿನ ಉಂಗುರ ಗೇರ್ ಚಕ್ರಗಳ ಕಡೆಗೆ ಶಕ್ತಿ ಕಳಿಸುತ್ತದೆ, ಎಳೆಯುವ ಮೋಟರ್ ಕೂಡ ಅದೇ ಕಡೆಗೆ ಕೂಡಿಕೊಳ್ಳುತ್ತದೆ. ಜನರೇಟರ್ ವೇಗ ಬದಲಿಸಿದರೆ ಸಾಕು, ಇಂಜಿನ್ ತನಗೆ ಹಿತವಾದ ವೇಗದಲ್ಲೇ ತಿರುಗುತ್ತದೆ. ಕ್ಲಚ್ ಇಲ್ಲ, ಗೇರ್ ಬದಲಿಸುವ ಮಾತೇ ಇಲ್ಲ.

ಬ್ರೇಕ್ ಹಾಕಿದಾಗ ಅದೇ ಮೋಟರ್ ಜನರೇಟರ್ ಆಗುತ್ತದೆ. ನಮ್ಮೂರ ಹಂಪ್‌ಗಳ ಮೇಲೆ ಇದನ್ನು ಲೆಕ್ಕ ಹಾಕಿ ನೋಡಿದೆವು. ಮಂದಿ ಸೇರಿ 1,500 ಕೆ.ಜಿ. ತೂಕದ ಕಾರು ಗಂಟೆಗೆ 54 ಕಿ.ಮೀ. ವೇಗದಲ್ಲಿ ಇದ್ದಾಗ ಚಲನ ಶಕ್ತಿ ಸುಮಾರು 169 ಕಿಲೋಜೌಲ್. ಹಂಪ್ ಮುಂದೆ ಹೆಚ್ಚುಕಡಿಮೆ ನಿಲ್ಲಿಸುವಾಗ ಅದರಲ್ಲಿ ಅರ್ಧ ವಾಪಸ್ ಸಿಕ್ಕಿತು ಅಂತಿಟ್ಟುಕೊಳ್ಳಿ. ಇಂಜಿನ್ ದಕ್ಷತೆ ಶೇ. 30 ಹಿಡಿದರೆ ಅದು ಸುಮಾರು 9 ಮಿಲಿಲೀಟರ್ ಪೆಟ್ರೋಲಿಗೆ ಸಮ. ಅಂದರೆ ಒಂದು ಹಂಪ್‌ಗೆ ಹತ್ತಿರ ಹತ್ತಿರ 90 ಪೈಸೆ ಉಳಿತಾಯ! "ಹಂಗಾರ ನಮ್ಮೂರಾಗ ಹಂಪ್ ಭಾಳ ಅದಾವು, ಲಾಭ ಐತಿ" ಅಂದರು ಕಾಕಾ. ಆದರೆ ಹಂಪ್ ಇಲ್ಲದ ಹೈವೇಯಲ್ಲಿ ಈ ಲಾಭವೂ ಇಲ್ಲ. ಹೈಬ್ರಿಡ್‌ನ ಗುಟ್ಟು ಇಷ್ಟೇ: ನಿಂತು ನಿಂತು ಹೋಗುವ ಕಡೆ ಉಳಿತಾಯ ಹೆಚ್ಚು, ಒಂದೇ ಸಮ ಓಡುವ ಕಡೆ ಕಡಿಮೆ.

ನಮ್ಮ ರಸ್ತೆ, ನಮ್ಮ ಹಂಗಾಮು

ಬೆಂಗಳೂರಿಗೆ ಸಿಲ್ಕ್ ಬೋರ್ಡ್ ಇದ್ದರೆ ನಮಗೆ ಕಬ್ಬಿನ ಹಂಗಾಮು ಇದೆ. ಕಾರ್ಖಾನೆ ಶುರುವಾದರೆ ಜಮಖಂಡಿ-ಮುಧೋಳ ರಸ್ತೆಯಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಹಿಂದೆ ಆಮೆ ವೇಗದಲ್ಲಿ ಹೋಗುವುದು ಎಲ್ಲರಿಗೂ ಗೊತ್ತು. ಆಗ ಸ್ಟ್ರಾಂಗ್ ಹೈಬ್ರಿಡ್ ಬಹಳ ಹೊತ್ತು ಇಂಜಿನ್ ಬಂದ್ ಮಾಡಿಯೇ ತೆವಳುತ್ತದೆ. ಹಂಗಾಮು ಮುಗಿದ ಮೇಲೆ ಅದೇ ರಸ್ತೆ ಖಾಲಿ, ಲಾಭವೂ ಕಮ್ಮಿ.

ಬೇಸಿಗೆ ಇನ್ನೊಂದು ವಿಷಯ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬೀಳಗಿಯಿಂದ ಹೊರಟರೆ ಎ.ಸಿ. ಇಲ್ಲದೆ ಆಗುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ ಎ.ಸಿ. ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುವುದರಿಂದ ಇಂಜಿನ್ ನಿಂತಾಗಲೂ ತಂಪು ನಿಲ್ಲುವುದಿಲ್ಲ. ಐಷಾರಾಮ ಅಂತ ಕೊಡುವುದರಲ್ಲಿ ನಮ್ಮ ಹವೆಗೆ ನಿಜಕ್ಕೂ ಬೇಕಾದದ್ದು ಇದು, ಮತ್ತೆ ಗಾಳಿಯಾಡುವ ಸೀಟು. ದೊಡ್ಡ ಗಾಜಿನ ಸನ್‌ರೂಫ್ ಏಪ್ರಿಲ್‌ನಲ್ಲಿ ಯಾರಿಗೆ ಬೇಕು ಹೇಳಿ!

ಪೆಟ್ರೋಲಿನ ಕಥೆ ನಮ್ಮದೇ. ಮುಧೋಳ, ಸಮೀರವಾಡಿಯ ಕಾರ್ಖಾನೆಗಳಲ್ಲಿ ಕಬ್ಬಿನಿಂದ ಎಥೆನಾಲ್ ಆಗುತ್ತದೆ. ಈಗ ಬಂಕ್‌ನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್. ಲೀಟರಿಗೆ ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹಾಗಾಗಿ ಮಿಶ್ರಣದ ಶಕ್ತಿ ಶೇ. 6-7ರಷ್ಟು ಇಳಿಯುತ್ತದೆ. ಕಂಪನಿ ಹೇಳುವ 27.97 ಕಿ.ಮೀ. ಮೈಲೇಜ್ ಪ್ರಯೋಗಾಲಯದ ಅಂಕಿ. ಅದನ್ನು ನಂಬಿ ಮನೆ ಲೆಕ್ಕ ಬರೆಯಬೇಡಿ.

ಈಗ ರೊಕ್ಕದ ಲೆಕ್ಕ

ಕಾಕಾನ ಕೊಟೇಶನ್‌ನಲ್ಲಿ ಸಾದಾ ಪೆಟ್ರೋಲ್ ಆಟೋಮ್ಯಾಟಿಕ್‌ಗೂ ಸ್ಟ್ರಾಂಗ್ ಹೈಬ್ರಿಡ್‌ಗೂ ಆನ್‌ರೋಡ್ ವ್ಯತ್ಯಾಸ 2.5 ಲಕ್ಷ. ನೆನಪಿಡಿ, 10ರಿಂದ 20 ಲಕ್ಷದ ಕಾರಿಗೆ ಕರ್ನಾಟಕದಲ್ಲಿ ಜೀವಾವಧಿ ರಸ್ತೆ ತೆರಿಗೆ ಶೇ. 17, ಸೆಸ್ ಬೇರೆ. ಬೆಲೆ ಏರಿದಷ್ಟೂ ತೆರಿಗೆಯೂ ಏರುತ್ತದೆ. ಅದಕ್ಕೇ ಎಕ್ಸ್‌ಶೋರೂಮ್ ಬೆಲೆ ಹೋಲಿಸಬೇಡಿ, ಆನ್‌ರೋಡ್ ಹೋಲಿಸಿ.

ಪೆಟ್ರೋಲ್ ಲೀಟರಿಗೆ 103 ರೂಪಾಯಿ ಹಿಡಿದೆವು. ಊರು, ಹಂಪ್, ಕಬ್ಬಿನ ಟ್ರ್ಯಾಕ್ಟರ್ ಎಲ್ಲ ಸೇರಿದ ಓಡಾಟದಲ್ಲಿ ಸಾದಾ ಕಾರು 15, ಹೈಬ್ರಿಡ್ 22 ಕಿ.ಮೀ. ಕೊಟ್ಟರೆ ಕಿ.ಮೀ.ಗೆ 6.87 ಮತ್ತು 4.68 ರೂಪಾಯಿ. ಉಳಿತಾಯ 2.19. ಎರಡೂವರೆ ಲಕ್ಷ ವಾಪಸ್ ಬರಲು ಸುಮಾರು 1,14,000 ಕಿ.ಮೀ. ಓಡಿಸಬೇಕು. ಬರೀ ಹೈವೇ ಆದರೆ 17 ಮತ್ತು 21 ಹಿಡಿಯಿರಿ. ಉಳಿತಾಯ 1.15ಕ್ಕೆ ಇಳಿದು ದೂರ 2,16,000 ಕಿ.ಮೀ. ದಾಟುತ್ತದೆ. ಹೈರೈಡರ್‌ನ ಹೈಬ್ರಿಡ್ ಬ್ಯಾಟರಿಗೆ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಅಂದರೆ ಹೈವೇ ಲೆಕ್ಕದಲ್ಲಿ ದುಡ್ಡು ವಾಪಸ್ ಬರುವ ಮೊದಲೇ ವಾರಂಟಿ ಮುಗಿದಿರುತ್ತದೆ.

"ನಾ ತಿಂಗಳಿಗೆ ಮೂರು ಸಾವಿರ ಕಿಲೋಮೀಟರ್ ಓಡಸ್ತೀನಿ" ಅಂದರು ಕಾಕಾ. ನಾವು ಹಳೇ ಕಾರಿನ ಮೀಟರ್ ನೋಡಿ ಬಂದೆವು. ಒಂಬತ್ತು ವರ್ಷಕ್ಕೆ 98,000. ವರ್ಷಕ್ಕೆ 11,000 ಕೂಡ ಇಲ್ಲ! ಈ ಲೆಕ್ಕದಲ್ಲಿ ದುಡ್ಡು ವಾಪಸ್ ಬರಲು ಹತ್ತು ವರ್ಷದ ಮೇಲೆ ಬೇಕು. ಕಾಕಾ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಒಳಗಿನಿಂದ ಕಾಕು ಮಾತ್ರ "ನಾ ಮೊದಲೇ ಹೇಳಿದ್ನಿ" ಅಂದರು.

ಮುಧೋಳ ಗೆಳೆಯನ ಅಣ್ಣನದು ಬೇರೆ ಕಥೆ. ಔಷಧ ಕಂಪನಿ ಕೆಲಸ, ನಾಲ್ಕೂ ತಾಲ್ಲೂಕು ಸುತ್ತಬೇಕು, ತಿಂಗಳಿಗೆ 2,500 ಕಿ.ಮೀ. ಅವನಿಗೆ ನಾಲ್ಕು ವರ್ಷದೊಳಗೆ ದುಡ್ಡು ವಾಪಸ್. ಒಂದೇ ಕಾರು, ಒಬ್ಬರಿಗೆ ಉಳಿತಾಯ, ಒಬ್ಬರಿಗೆ ಷೋಕಿ.

ಶೋರೂಮಿಗೆ ಹೋದಾಗ

ಬ್ಯಾಟರಿ ಗಾಳಿಯಿಂದ ತಂಪಾಗುವುದಾದರೆ ಗಾಳಿ ಒಳಹೋಗುವ ಕಿಂಡಿ ಎಲ್ಲಿದೆ, ಅದರ ಫಿಲ್ಟರ್ ಯಾರು ತೆಗೆದು ಸ್ವಚ್ಛ ಮಾಡುತ್ತಾರೆ ಕೇಳಿ. ಮಗ್ಗದ ಊರಿನಲ್ಲಿ ನೂಲಿನ ಧೂಳು ಎಲ್ಲೆಲ್ಲೂ ಹೊಕ್ಕುತ್ತದೆ. ಕಿಂಡಿಯ ಮೇಲೆ ಸೀರೆ ಗಂಟು ಇಡಬಾರದು. ಡಿಕ್ಕಿ ತೆಗೆದು ನೋಡಿ, ಬ್ಯಾಟರಿ ಜಾಗ ತಿಂದಿರುತ್ತದೆ. ಕಿತ್ತಳೆ ಬಣ್ಣದ ಕೇಬಲ್ ಅಂದರೆ ಹೈ ವೋಲ್ಟೇಜ್, ಊರ ಮೆಕ್ಯಾನಿಕ್ ಕೈ ಹಾಕುವ ಹಾಗಿಲ್ಲ. ಹಾಗಾಗಿ ಹೈಬ್ರಿಡ್ ಕೆಲಸ ಬಲ್ಲ ಸರ್ವಿಸ್ ಸೆಂಟರ್ ಎಷ್ಟು ದೂರ ಅಂತ ಮೊದಲೇ ತಿಳಿಯಿರಿ. ಸಣ್ಣ 12 ವೋಲ್ಟ್ ಬ್ಯಾಟರಿ ಹೈಬ್ರಿಡ್‌ನಲ್ಲೂ ಇದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಚಾಲೂ ಆಗದು. ಟೆಸ್ಟ್ ಡ್ರೈವ್‌ನ್ನು ಶೋರೂಮ್ ಮುಂದಿನ ನುಣುಪು ರಸ್ತೆಯಲ್ಲಿ ಮುಗಿಸಬೇಡಿ. ನಿಮ್ಮ ದಿನದ ರಸ್ತೆಗೆ, ಮನೆಮಂದಿಯನ್ನು ಕೂರಿಸಿಕೊಂಡು, ಎ.ಸಿ. ಹಾಕಿ ಒಯ್ಯಿರಿ.

ಕೊನೆಗೆ ಕಾಕಾಗೆ ನಾವು ಹೇಳಿದ್ದು ಇಷ್ಟು: ಸದ್ದಿಲ್ಲದ ಓಟ, ತಂಪು, ಕ್ಲಚ್ ಇಲ್ಲದ ಆರಾಮ ಬೇಕು ಅಂತ ತಗೊಂಡರೆ ತಪ್ಪೇನಿಲ್ಲ, ದುಡಿದವರು ನೀವು. ಆದರೆ ದುಡ್ಡು ಉಳಿಯುತ್ತೆ ಅಂತ ತಗೋಬೇಡಿ, ನಿಮ್ಮ ಓಡಾಟಕ್ಕೆ ಉಳಿಯುವುದಿಲ್ಲ. ಅವರು ಬುಕಿಂಗ್ ಮುಂದಕ್ಕೆ ಹಾಕಿದರು. ಕಬ್ಬಿನ ಬಿಲ್ಲು ಬಂದ ಮೇಲೆ ನೋಡೋಣ ಅಂದಿದ್ದಾರೆ. ಹೊರಡುವಾಗ ನಮ್ಮನ್ನು ಬಸ್ ಸ್ಟ್ಯಾಂಡಿಗೆ ಬಿಟ್ಟಿದ್ದು ಅದೇ ಹಳೇ ಕಾರಿನಲ್ಲಿ. ದಾರಿಯುದ್ದಕ್ಕೂ ಕಾಕಾ ಮೀಟರ್ ಕಡೆಗೇ ನೋಡುತ್ತಿದ್ದರು.