ಪತ್ತನಾಜೆಗೆ ಮೊದಲು

ತುಳುನಾಡಿನ ತಿಂಗಳ ಲೆಕ್ಕದಲ್ಲಿ ಬೇಶದ ಹತ್ತನೆಯ ದಿನಕ್ಕೆ ಪತ್ತನಾಜೆ ಎಂದು ಹೆಸರು. ಅದು ಸಾಮಾನ್ಯವಾಗಿ ಮೇ 24 ಅಥವಾ 25ರ ಹೊತ್ತಿಗೆ ಬೀಳುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ನೇಮಗಳು ನಿಲ್ಲುತ್ತವೆ. ಅಂದು ಹತ್ತು ಹನಿಯಾದರೂ ಮಳೆ ಬೀಳಬೇಕೆಂಬುದು ಹಿರಿಯರ ಮಾತು. ಬೇಸಗೆ ಮುಗಿಯಿತು, ಇನ್ನು ಮನೆಯನ್ನು ಮಳೆಗೆ ಅಣಿಗೊಳಿಸಿರಿ ಎಂದು ಸಾರುವ ಗಡುವು ಅದು.

ಕೇರಳದ ಕರಾವಳಿಗೆ ಮುಂಗಾರು ಮಳೆ ಕಾಲಿಡುವ ವಾಡಿಕೆಯ ದಿನ ಜೂನ್ 1. ಆದರೆ 2025ರಲ್ಲಿ ಅದು ಮೇ 24ಕ್ಕೇ ಬಂತು. 2009ರ ಬಳಿಕ ಅಷ್ಟು ಬೇಗ ಬಂದುದು ಅದೇ ಮೊದಲು. ಆದುದರಿಂದ ನಮ್ಮ ಹಿರಿಯರು ಇಟ್ಟ ಗಡುವು ಇಂದಿಗೂ ಸರಿಯಾದುದೇ. ಈ ಸಂಚಿಕೆ ನಿಮ್ಮ ಕೈ ಸೇರುವಾಗ ಬೇಸಗೆ ರಜೆ ಹತ್ತಿರವಾಗಿರುತ್ತದೆ. ರಜೆಯ ಕೊನೆಯ ವಾರಗಳಲ್ಲಿ ಮನೆಯಲ್ಲಿ ಏನೇನು ನಡೆಯಬೇಕು, ಏಕೆ ನಡೆಯಬೇಕು ಎಂಬುದನ್ನು ವಿದ್ಯಾರ್ಥಿಗಳಿಗೂ ಹೆತ್ತವರಿಗೂ ತಿಳಿಸುವುದೇ ಈ ಲೇಖನದ ಉದ್ದೇಶ.

ಸೆಕೆ ಮತ್ತು ಶರೀರ

ಬಯಲುಸೀಮೆಯಲ್ಲಿ 40 ಡಿಗ್ರಿ ಬಿಸಿಲಿದ್ದರೂ ಬೆವರು ಬೇಗ ಆರುತ್ತದೆ. ಕಾಸರಗೋಡಿನಲ್ಲಿ 34 ಡಿಗ್ರಿಗೇ ಜೀವ ಬಳಲುತ್ತದೆ. ಕಾರಣ ಸರಳ. ಬೆವರು ಆವಿಯಾಗಿ ಹೋಗುವಾಗ ಶರೀರದ ಶಾಖವನ್ನು ಕೊಂಡೊಯ್ಯುತ್ತದೆ. ಕಡಲಿನ ಗಾಳಿಯಲ್ಲಿ ಮೊದಲೇ ತೇವ ತುಂಬಿರುವುದರಿಂದ ಬೆವರು ಆವಿಯಾಗದೆ ಮೈಮೇಲೆಯೇ ಇಳಿಯುತ್ತದೆ. ಶಾಖ ಒಳಗೇ ಉಳಿಯುತ್ತದೆ. ಶರೀರದ ಉಷ್ಣತೆ 37 ಡಿಗ್ರಿಯಿಂದ 40 ದಾಟಿ, ಮಾತು ತೊದಲಿ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ಆಗ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಯೆಲ್ಲ ನೀರಿನಿಂದ ಒದ್ದೆ ಮಾಡಿ ಬೀಸುತ್ತಾ ಆಸ್ಪತ್ರೆಗೆ ಸಾಗಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹೊಯ್ಯಬಾರದು.

ಹನ್ನೊಂದರಿಂದ ಮೂರು ಗಂಟೆಯ ತನಕ ತೋಟದ ಕೆಲಸವನ್ನೂ ಮಕ್ಕಳ ಆಟವನ್ನೂ ನಿಲ್ಲಿಸುವುದು ಒಳಿತು. ಎಳನೀರು, ಉಪ್ಪು ಹಾಕಿದ ನೀರುಮಜ್ಜಿಗೆ, ಪುನರ್ಪುಳಿಯ ಪಾನಕ ನಮ್ಮ ಮನೆಯಲ್ಲೇ ಇರುವಾಗ ಅಂಗಡಿಯ ಬಣ್ಣದ ನೀರು ಬೇಡ. ವಾಂತಿಭೇದಿಯಾದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಬೇಕು. ಈ ಅಳತೆಯನ್ನು ಅಡುಗೆಮನೆಯ ಗೋಡೆಯಲ್ಲಿ ಬರೆದಿಡಿರಿ.

ಅಪರಾಹ್ನದ ಸಿಡಿಲು

ಏಪ್ರಿಲ್, ಮೇ ತಿಂಗಳ ನಿಜವಾದ ಶತ್ರು ಬಿಸಿಲಲ್ಲ, ಸಿಡಿಲು. ಬೆಳಗ್ಗಿನಿಂದ ಕಾದ ನೆಲದ ಮೇಲೆ ಕಡಲಿನ ತೇವದ ಗಾಳಿ ಬಂದು ಮೇಲೇರುತ್ತದೆ. ಮೂಡಣದ ಘಟ್ಟ ಅದನ್ನು ಇನ್ನಷ್ಟು ಮೇಲಕ್ಕೆ ತಳ್ಳುತ್ತದೆ. ಹೀಗೆ ಅಪರಾಹ್ನ ಎರಡು ಗಂಟೆಯಿಂದ ರಾತ್ರಿ ಹತ್ತರ ವರೆಗೆ ಗುಡುಗಿನ ಮೋಡಗಳು ಕಟ್ಟುವುದು ಹೆಚ್ಚು. ಮಿಂಚು ಹಾಯುವ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿಯ ವರೆಗೆ ಕಾಯುತ್ತದೆ. ಅದು ಸೂರ್ಯನ ಮೇಲ್ಮೈಯ ಶಾಖದ ಐದು ಪಟ್ಟು. ಆ ಗಾಳಿ ಒಮ್ಮೆಲೇ ಹಿಗ್ಗುವ ಸದ್ದೇ ಗುಡುಗು.

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಅಂದರೆ ಒಂದು ಕಿಲೋಮೀಟರಿಗೆ ಮೂರು ಸೆಕೆಂಡು. ಮಿಂಚು ಕಂಡಲ್ಲಿಂದ ಗುಡುಗು ಕೇಳುವ ತನಕ ಎಣಿಸಿ ಮೂರರಿಂದ ಭಾಗಿಸಿದರೆ ದೂರ ಸಿಗುತ್ತದೆ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ. ಕೂಡಲೇ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗಿನ ಬಳಿಕ ಮೂವತ್ತು ನಿಮಿಷ ಹೊರಗೆ ಬರಬಾರದು.

ನಮ್ಮಲ್ಲಿ ಅಪಾಯ ಒದಗುವುದು ಹೇಗೆಂದು ನೋಡಿರಿ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ತಾರಸಿಯ ಸರಿಗೆಯಲ್ಲಿ ಬಟ್ಟೆ ಹಾಕಿರುತ್ತದೆ. ಮೋಡ ಗುಡುಗಿದೊಡನೆ ಮನೆಮಂದಿಯೆಲ್ಲ ಹೊರಗೆ ಓಡುತ್ತಾರೆ. ಒಳಗಿರಬೇಕಾದ ಗಳಿಗೆಯಲ್ಲೇ ಹೊರಗಿರುತ್ತಾರೆ! ಅಡಿಕೆ ಒದ್ದೆಯಾದರೆ ನಾಳೆಯೂ ಬಿಸಿಲು ಬಂದೀತು. ಹೋದ ಜೀವ ಬಾರದು. ಮಧ್ಯಾಹ್ನದ ಊಟ ಮುಗಿಸಿ ಮೂಡಣ ದಿಕ್ಕಿಗೊಮ್ಮೆ ನೋಡಿ, ಮೋಡ ಕಪ್ಪಾಗುತ್ತಿದ್ದರೆ ಗುಡುಗಿಗೆ ಮೊದಲೇ ಟಾರ್ಪಾಲು ಹೊದೆಸುವ ಕ್ರಮ ಇಟ್ಟುಕೊಳ್ಳಬೇಕು. ಟಿ.ವಿ., ಪಂಪುಗಳ ಪ್ಲಗ್ಗುಗಳನ್ನೂ ಆಗಲೇ ಕೀಳಬೇಕು. ಸಿಡಿಲಿನ ನಡುವೆ ಅವನ್ನು ಮುಟ್ಟಬಾರದು. ಸ್ನಾನವನ್ನೂ ನಲ್ಲಿಯಲ್ಲಿ ಪಾತ್ರೆ ತೊಳೆಯುವುದನ್ನೂ ಮುಂದಕ್ಕೆ ಹಾಕಬೇಕು.

ಮರದಡಿಯಲ್ಲಿ ಕಟ್ಟಿದ ಹಸುಗಳು ಒಟ್ಟಿಗೆ ಸಾಯುವುದೇಕೆ? ಮರಕ್ಕೆ ಬಡಿದ ವಿದ್ಯುತ್ತು ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಮುಂಗಾಲಿಗೂ ಹಿಂಗಾಲಿಗೂ ಇರುವ ದೂರ ಹೆಚ್ಚಿದಷ್ಟೂ ಅವುಗಳ ನಡುವಿನ ವಿದ್ಯುತ್ ಒತ್ತಡದ ಅಂತರ ಹೆಚ್ಚು. ಹಸುವಿನಲ್ಲಿ ಆ ಪ್ರವಾಹ ಹೃದಯದ ಮೂಲಕವೇ ಹಾಯುತ್ತದೆ. ಗುಡ್ಡೆಗೆ ಮೇಯಲು ಬಿಟ್ಟ ದನಗಳನ್ನು ಎರಡು ಗಂಟೆಗೆ ಮೊದಲು ಹಟ್ಟಿಗೆ ತರುವುದೇ ಪರಿಹಾರ. ಸಿಡಿಲು ತಾಗಿದ ಮನುಷ್ಯನನ್ನು ಮುಟ್ಟಲು ಹೆದರಬೇಕಾಗಿಲ್ಲ. ಆತನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರು ನಿಂತಿದ್ದರೆ ತಡಮಾಡದೆ ಎದೆ ಒತ್ತುವ ಪ್ರಥಮ ಚಿಕಿತ್ಸೆ ಆರಂಭಿಸಬೇಕು.

ಬಾವಿಗಿಳಿಯುವ ಮುನ್ನ

ಮೇ ತಿಂಗಳಲ್ಲಿ ನೀರು ತಳ ಕಂಡಾಗ ಬಾವಿಯ ಕೆಸರು ತೆಗೆಯುವುದು ನಮ್ಮ ವಾಡಿಕೆ. ಆಳವಾದ ಹಳೆಯ ಬಾವಿಯ ತಳದಲ್ಲಿ ಕೊಳೆತ ಎಲೆಗಳಿಂದ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದುದರಿಂದ ಅಲ್ಲಿಯೇ ನಿಲ್ಲುತ್ತದೆ. ಇಳಿದವನು ಕ್ಷಣದಲ್ಲಿ ಎಚ್ಚರ ತಪ್ಪುತ್ತಾನೆ. ಆತನನ್ನು ಎತ್ತಲು ತಮ್ಮ ಇಳಿಯುತ್ತಾನೆ, ಬಳಿಕ ನೆರೆಯವನು. ಒಂದೇ ಬಾವಿಯಲ್ಲಿ ಎರಡು ಮೂರು ಹೆಣ ಬೀಳುವುದು ಹೀಗೆ.

ಮೊದಲು ಸೊಪ್ಪಿನ ದೊಡ್ಡ ಕೊಂಬೆಯನ್ನು ಹಗ್ಗಕ್ಕೆ ಕಟ್ಟಿ ಹಲವು ಬಾರಿ ಇಳಿಸಿ ಎತ್ತಿ ಗಾಳಿಯನ್ನು ಕಲಕಬೇಕು. ಬಳಿಕ ಉರಿಯುವ ದೀಪವನ್ನು ತಳದ ತನಕ ಇಳಿಸಬೇಕು. ಅದು ನಂದಿದರೆ ಯಾರೂ ಇಳಿಯಕೂಡದು. ದೀಪ ಉರಿದರೂ ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಇಬ್ಬರು ಹಿಡಿದು ನಿಂತ ಮೇಲೆಯೇ ಇಳಿಯಬೇಕು; ವಿಷದ ಅನಿಲವನ್ನೆಲ್ಲ ದೀಪ ತೋರಿಸಲಾರದು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ಓಡಿಸಲೇಬಾರದು. ಅದರ ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಒಳಗೆ ಯಾರಾದರೂ ಬಿದ್ದರೆ ಹಗ್ಗದಿಂದ ಎಳೆಯಿರಿ, 101ಕ್ಕೆ ಕರೆದು ಅಗ್ನಿಶಾಮಕ ದಳಕ್ಕೆ ತಿಳಿಸಿರಿ, ಹಿಂದೆಯೇ ಹಾರಬೇಡಿರಿ.

ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕುವ ಲೆಕ್ಕವನ್ನು ವಿದ್ಯಾರ್ಥಿಗಳೇ ಮಾಡಬಹುದು. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಎನ್ನೋಣ. 3.14 × 2 × 2 × 3 ÷ 4 = 9.42 ಘನ ಮೀಟರ್. ಅಂದರೆ 9,420 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂನಂತೆ ಸುಮಾರು 24 ಗ್ರಾಂ ಪುಡಿ ಬೇಕು. ಅದನ್ನು ಬಕೆಟಿನಲ್ಲಿ ಸ್ವಲ್ಪ ನೀರಿನೊಡನೆ ಕಲಸಿ, ಮತ್ತೆ ಮುಕ್ಕಾಲು ಬಕೆಟ್ ನೀರು ತುಂಬಿಸಿ ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳದಲ್ಲಿ ನಿಲ್ಲುತ್ತದೆ. ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಗ್ಗಿಸಿ ಬಾವಿಗಿಳಿಸಿ, ನೀರಿನಲ್ಲಿ ಮೇಲೆ ಕೆಳಗೆ ಆಡಿಸಬೇಕು. ರಾತ್ರಿ ಹಾಕಿದರೆ ಬೆಳಿಗ್ಗೆ ನೀರು ಸೇದಬಹುದು. ಕುಡಿಯುವ ನೀರನ್ನು ಕುದಿಸುವುದನ್ನು ಆ ಮೇಲೂ ಬಿಡಬಾರದು.

ಪ್ರಾಣಿಗಳೊಡನೆ ಪ್ರಯಾಣ

ರಜೆಯಲ್ಲಿ ಅಜ್ಜನ ಮನೆಗೆ ಹೊರಡುವಾಗ ನಾಯಿಯ ಪ್ರಶ್ನೆ ಏಳುತ್ತದೆ. ನೆರೆಯವರು ಎರಡು ಹೊತ್ತು ಅನ್ನ ನೀರು ಕೊಡುವುದಾದರೆ ಅದನ್ನು ಮನೆಯಲ್ಲೇ ಬಿಡುವುದು ಉತ್ತಮ. ಕೊಂಡೊಯ್ಯಲೇಬೇಕಾದರೆ ಕೆಲವು ವಿಷಯ ತಿಳಿದಿರಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಮಾತ್ರ. ನಾಲಗೆ ಚಾಚಿ ಏದುಸಿರು ಬಿಡುವುದೇ ಅದು ಶಾಖ ಕಳೆಯುವ ಉಪಾಯ. ಬಿಸಿಲಿನಲ್ಲಿ ನಿಲ್ಲಿಸಿ ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಹತ್ತು ಡಿಗ್ರಿಯಷ್ಟು ಸೆಕೆ ಏರುತ್ತದೆ. ಅಲ್ಲಿ ಬಿಟ್ಟ ನಾಯಿಗೂ ಮಗುವಿಗೂ ಗತಿ ಒಂದೇ. ಬೆಳಗಿನ ಜಾವ ಹೊರಡಬೇಕು. ಎರಡು ಗಂಟೆ ಮೊದಲೇ ಆಹಾರ ಕೊಟ್ಟಿರಬೇಕು. ದಾರಿಯಲ್ಲಿ ನಿಲ್ಲಿಸಿ ನೀರು ಕುಡಿಸಬೇಕು.

ರೈಲಿನಲ್ಲಿ ನಾಯಿಯನ್ನು ಸಾಮಾನ್ಯ ಬೋಗಿಗೂ ಸ್ಲೀಪರಿಗೂ ಹತ್ತಿಸುವಂತಿಲ್ಲ. ಪ್ರಥಮ ದರ್ಜೆಯ ಕೂಪೆಯನ್ನು ಇಡಿಯಾಗಿ ಕಾದಿರಿಸಿದರೆ ಜತೆಗಿಟ್ಟುಕೊಳ್ಳಬಹುದು. ಇಲ್ಲವಾದರೆ ಬ್ರೇಕ್ ವ್ಯಾನಿನ ನಾಯಿಪೆಟ್ಟಿಗೆ. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಚೀಟಿಯೂ ಪಶುವೈದ್ಯರ ಪ್ರಮಾಣಪತ್ರವೂ ಕೈಯಲ್ಲಿರಬೇಕು. ಹಸುಗಳನ್ನು ವಾಹನದಲ್ಲಿ ಸಾಗಿಸುವುದಕ್ಕೂ 1978ರ ಪ್ರಾಣಿ ಸಾಗಾಟ ನಿಯಮಗಳಿವೆ. ಪಶುವೈದ್ಯರ ಪ್ರಮಾಣಪತ್ರ ಬೇಕು, ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಇರಬಾರದು. ನಮ್ಮ ಕಾಸರಗೋಡು ಗಿಡ್ಡ ತಳಿಯ ಹಸು ಮೈಯಲ್ಲಿ ಚಿಕ್ಕದೆಂದು ಇಕ್ಕಟ್ಟಿನಲ್ಲಿ ತುರುಕುವುದು ಸಲ್ಲದು.

ಇನ್ನೊಂದು ಪ್ರಯಾಣವಿದೆ, ಅದು ಹೇಳದೆ ಕೇಳದೆ ಬರುತ್ತದೆ. 2018ರ ಆಗಸ್ಟಿನ ಮಹಾಪ್ರವಾಹದಲ್ಲಿ ತ್ರಿಶೂರಿನ ಮಹಿಳೆಯೊಬ್ಬರು ತಮ್ಮ ಇಪ್ಪತ್ತೈದು ನಾಯಿಗಳನ್ನು ಬಿಟ್ಟು ದೋಣಿ ಏರಲು ಒಪ್ಪಲಿಲ್ಲ. ಪ್ರಾಣಿಗಳಿಗೆ ಮೊದಲೇ ದಾರಿ ಯೋಚಿಸದಿದ್ದರೆ ಅವನ್ನು ಸಾಕಿದವರ ಜೀವಕ್ಕೂ ಅಪಾಯ. ಹಟ್ಟಿಗೆ ನೀರು ಬರುವಂತಿದ್ದರೆ ದನಗಳನ್ನು ಯಾವ ಗುಡ್ಡೆಗೆ ಹೊಡೆಯುವುದು, ಯಾರ ಹಟ್ಟಿಯಲ್ಲಿ ಕಟ್ಟುವುದು ಎಂದು ಈಗಲೇ ಮಾತಾಡಿಡಿರಿ. ಕೊಂಡೊಯ್ಯಲು ಆಗದೇ ಹೋದರೆ ಕನಿಷ್ಠ ಹಗ್ಗವನ್ನಾದರೂ ಬಿಚ್ಚಿರಿ. ಬಿಟ್ಟ ದನ ಈಜೀತು. ಕಟ್ಟಿದ ದನ ಮುಳುಗುತ್ತದೆ.

ತುರ್ತಿನ ಗಂಟು

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಕರೆಂಟು ಹೋದ ಮೇಲೆ ಬೆಂಕಿಪೆಟ್ಟಿಗೆ ಹುಡುಕುವವರು ನಾವು. ಒಂದು ಚೀಲದಲ್ಲಿ ಇವಿಷ್ಟನ್ನು ಕಟ್ಟಿಡಿರಿ: ಟಾರ್ಚು, ಬ್ಯಾಟರಿಯ ರೇಡಿಯೊ, ಬೆಂಕಿಪೆಟ್ಟಿಗೆ, ಮೇಣದ ಬತ್ತಿ, ಒಂದು ಸೀಟಿ, ಚಾಕು, ಹಗ್ಗ, ಕುಡಿಯುವ ನೀರು, ಅವಲಕ್ಕಿ ಬೆಲ್ಲ, ಗಾಯಕ್ಕೆ ಕಟ್ಟುವ ಬಟ್ಟೆ, ಮನೆಯ ಹಿರಿಯರು ದಿನವೂ ತೆಗೆದುಕೊಳ್ಳುವ ಔಷಧಿ, ಚಾರ್ಜು ತುಂಬಿದ ಪವರ್ ಬ್ಯಾಂಕು. ಪಡಿತರ ಚೀಟಿ, ಆಧಾರ್, ಭೂಮಿಯ ಪತ್ರ, ಶಾಲೆಯ ಪ್ರಮಾಣಪತ್ರಗಳ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅದರಲ್ಲೇ ಇಡಬೇಕು. ಗೋಡೆಯಲ್ಲಿ ಬರೆಯಬೇಕಾದ ಸಂಖ್ಯೆಗಳು: ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108, ಅಗ್ನಿಶಾಮಕಕ್ಕೆ 101, ಜಿಲ್ಲಾ ವಿಪತ್ತು ಕೊಠಡಿಗೆ 1077, ವಿದ್ಯುತ್ ತೊಂದರೆಗೆ 1912. ಗಾಳಿಗೆ ತಂತಿ ತುಂಡಾಗಿ ಬಿದ್ದರೆ ಹತ್ತಿರ ಹೋಗದೆ, ಇತರರನ್ನೂ ಬಿಡದೆ, ಮೊದಲು ಈ ಕೊನೆಯ ಸಂಖ್ಯೆಗೆ ಕರೆಯಬೇಕು.

ಮಾಡಿನ ಹಂಚು, ಮನೆಯ ಮೇಲೆ ಬಾಗಿದ ತೆಂಗು, ಒಣಮಡಲು, ಚರಂಡಿಯ ಕಸ ಇವನ್ನು ಮಳೆಗೆ ಮೊದಲೇ ನೋಡಬೇಕು. ಸೌದೆ ಒಟ್ಟುವಾಗ ಬರಿಗೈ ಹಾಕದಿರಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಚೀಪುವುದು ಎಲ್ಲವೂ ಅಪಾಯ. ಆ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯುವುದೊಂದೇ ದಾರಿ.

ವಿದ್ಯಾರ್ಥಿಗಳ ಪಾಲಿನ ಕೆಲಸ

ಕೊನೆಗೊಂದು ಮಾತು. ಮಳೆಯ ಮುನ್ನೆಚ್ಚರಿಕೆ ನಮ್ಮ ಜಿಲ್ಲೆಯಲ್ಲಿ ಬಹುಮಟ್ಟಿಗೆ ಮಲಯಾಳದಲ್ಲಿ ಬರುತ್ತದೆ. ಕನ್ನಡದಲ್ಲೇ ಓದು ಕಲಿತ ನಮ್ಮ ಅಜ್ಜ ಅಜ್ಜಿಯರಲ್ಲಿ ಅನೇಕರಿಗೆ ಆ ಲಿಪಿ ಬಾರದು. ಹಳದಿ ಎಚ್ಚರಿಕೆಯೆಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿನಿಂದ 115.5ರ ವರೆಗೆ ಮಳೆಯ ಸಂಭವ, ಕಿತ್ತಳೆಯೆಂದರೆ 204.4ರ ವರೆಗೆ, ಕೆಂಪೆಂದರೆ ಅದಕ್ಕೂ ಮೇಲೆ. ಈ ಬಣ್ಣಗಳ ಅರ್ಥವನ್ನು ಮನೆಯ ಹಿರಿಯರಿಗೆ ಮನೆಮಾತಿನಲ್ಲಿ ಬಿಡಿಸಿ ಹೇಳಬೇಕಾದವರು ನೀವು. ನೆರೆಮನೆಯಲ್ಲಿ ಒಂಟಿಯಾಗಿರುವ ಮುದುಕರಿಗೂ ಹೋಗಿ ಹೇಳಿರಿ. ಎರಡು ಭಾಷೆಗಳ ನಡುವೆ ಬಾಳುವ ನಮಗೆ ಇದು ಹೊರೆಯಲ್ಲ, ಹೊಣೆ. ಶಾಲೆಯಲ್ಲಿ ಕಲಿತ ಅಕ್ಷರ ಒಂದು ಜೀವವನ್ನು ಉಳಿಸಿದರೆ ಆ ವಿದ್ಯೆ ಸಾರ್ಥಕ.