ಏಣಿ ಬೇರೆ, ಅಂಗಳ ಒಂದೇ

ಒಂದೇ ಅಳತೆಯ ಎರಡು ಲೋಟಗಳಿಗೆ ಸಮನಾಗಿ ನೀರು ಹಾಕಿ, ಐದು ವರ್ಷದ ಮಗುವನ್ನು ಎದುರು ಕೂರಿಸಿಕೊಳ್ಳಿ. ಎರಡರಲ್ಲೂ ಅಷ್ಟಷ್ಟೇ ಇದೆಯಾ ಎಂದರೆ ಹೂಂ ಎನ್ನುತ್ತದೆ. ಅದರ ಕಣ್ಣೆದುರೇ ಒಂದು ಲೋಟದ ನೀರನ್ನು ಸಪೂರ ಉದ್ದ ಗಾಜಿನ ಲೋಟಕ್ಕೆ ಸುರಿದು ಮತ್ತೆ ಕೇಳಿ. ಉದ್ದದ್ದರಲ್ಲೇ ಜಾಸ್ತಿ ಎನ್ನುವ ಮಕ್ಕಳೇ ಹೆಚ್ಚು. ಪಕ್ಕದಲ್ಲಿ ನಿಂತ ಎಂಟು ವರ್ಷದ ಅಣ್ಣ ಕಿಸಕ್ಕನೆ ನಗುತ್ತಾನೆ, ತಾನೂ ಮೂರು ವರ್ಷದ ಹಿಂದೆ ಹಾಗೇ ಹೇಳಿದ್ದು ಅವನಿಗೆ ನೆನಪಿಲ್ಲ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಇಂಥ ಪ್ರಯೋಗಗಳನ್ನಿಟ್ಟುಕೊಂಡು ಮಕ್ಕಳ ಯೋಚನೆ ಹಂತಹಂತವಾಗಿ ಬದಲಾಗುತ್ತದೆ, ಏಳರ ಆಸುಪಾಸಿನಲ್ಲಿ ಒಂದು ದೊಡ್ಡ ತಿರುವು ಬರುತ್ತದೆ ಎಂದರು.

ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇವೆ ಎಂದು ಹೊರಡುವ ತಂದೆತಾಯಿಯರ ತಲೆಯಲ್ಲಿ ಪಿಯಾಜೆಯ ಹೆಸರು ಇಲ್ಲದಿದ್ದರೂ ಆ ಮೆಟ್ಟಿಲುಗಳಂತೂ ಇರುತ್ತವೆ. (ಹೋಂಸ್ಕೂಲಿಂಗ್‌ಗೆ ‘ಮನೆಪಾಠ’ ಅನ್ನೋಣವೆಂದರೆ ಆ ಪದವನ್ನು ಟ್ಯೂಷನ್ ಯಾವತ್ತೋ ನುಂಗಿಬಿಟ್ಟಿದೆ.) ಮೂವರು ಮಕ್ಕಳಿದ್ದರೆ ಐದಕ್ಕೊಂದು, ಎಂಟಕ್ಕೊಂದು, ಹನ್ನೊಂದಕ್ಕೊಂದು ಎಂದು ವಯಸ್ಸಿನ ಚೀಟಿ ಅಂಟಿಸಿದ ಮೂರು ಪಠ್ಯಕ್ರಮಗಳು ಮನೆಗೆ ಬರುತ್ತವೆ. ತಲಾ ಆರು ವಿಷಯ ಹಿಡಿದರೆ ದಿನಕ್ಕೆ ಹದಿನೆಂಟು ಪಾಠ, ಹೇಳಿಕೊಡಲು ಒಬ್ಬಳು ಅಮ್ಮ. ಇದು ಎರಡು ತಿಂಗಳು ನಡೆದರೆ ಹೆಚ್ಚು.

ಆ ಚೀಟಿಯನ್ನು ಎಷ್ಟು ನಂಬಬೇಕು? 1970ರ ದಶಕದಲ್ಲಿ ಸ್ಕಾಟ್ಲೆಂಡಿನಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಅವರ ಸಹೋದ್ಯೋಗಿ ಜೇಮ್ಸ್ ಮೆಕ್‌ಗ್ಯಾರಿಗಲ್ ಪಿಯಾಜೆಯ ಇನ್ನೊಂದು ಪ್ರಯೋಗವನ್ನು ಸ್ವಲ್ಪ ತಿರುಚಿ ಮಾಡಿದರು. ಎರಡು ಸಾಲುಗಳಲ್ಲಿ ಸಮಸಂಖ್ಯೆಯ ಬಿಲ್ಲೆಗಳು. ದೊಡ್ಡವರು ಒಂದು ಸಾಲಿನ ಬಿಲ್ಲೆಗಳನ್ನು ಸರಿಸಿ ಕೇಳಿದರೆ ಪುಟ್ಟ ಮಕ್ಕಳು ಲೆಕ್ಕ ಬದಲಾಯಿತು ಎನ್ನುತ್ತಿದ್ದರು. ಅದೇ ಕೆಲಸವನ್ನು ಒಂದು ತುಂಟ ಕರಡಿ ಬೊಂಬೆ ಬಂದು, ಆಟ ಕೆಡಿಸಿದಂತೆ ಮಾಡಿದರೆ? ಬಹಳಷ್ಟು ಮಕ್ಕಳು ಅಷ್ಟೇ ಇದೆ ಎಂದು ಸರಿಯಾಗಿ ಹೇಳಿದರು. ದೊಡ್ಡವರು ಬೇಕೆಂದೇ ಏನೋ ಬದಲಿಸಿ, ಕೇಳಿದ್ದನ್ನೇ ಮತ್ತೆ ಕೇಳಿದಾಗ ಮಗು ತನ್ನ ಮೊದಲ ಉತ್ತರ ತಪ್ಪಿರಬೇಕು ಎಂದುಕೊಳ್ಳುತ್ತದೆ. ಅದು ಸೋತಿದ್ದು ಎಣಿಕೆಯಲ್ಲಲ್ಲ, ನಮ್ಮ ಮುಖ ಓದುವುದರಲ್ಲಿ. ವಯಸ್ಸು ಲೆಕ್ಕಕ್ಕೇ ಇಲ್ಲವೆಂದು ಇದರ ಅರ್ಥವಲ್ಲ. ಚೀಟಿಯ ಗೆರೆ ಗೋಡೆಯಲ್ಲ, ಅಷ್ಟೆ.

ವಯಸ್ಸಿನ ಜೊತೆ ನಿಜಕ್ಕೂ ಬೆಳೆಯುವುದು, ಏಕಕಾಲಕ್ಕೆ ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ. ಒಂದರ ಹಿಂದೊಂದು ಅಂಕಿ ಹೇಳಿ ವಾಪಸ್ ಹೇಳಿಸಿದರೆ ಐದು ವರ್ಷದ ಮಗು ಸುಮಾರು ನಾಲ್ಕನ್ನು ಒಪ್ಪಿಸುತ್ತದೆ, ದೊಡ್ಡವರು ಏಳರ ಹತ್ತಿರ. ಆದರೆ 1, 9, 4, 7 ಎಂಬ ನಾಲ್ಕು ಅಂಕಿಗಳು ಸ್ವಾತಂತ್ರ್ಯ ಬಂದ ವರ್ಷ ಗೊತ್ತಿದ್ದವನಿಗೆ ಒಂದೇ ಗಂಟು. ಗೊತ್ತಿರುವುದು ಹೆಚ್ಚಿದಷ್ಟೂ ಹೊರೆ ಇಳಿಯುತ್ತದೆ. 1988ರಲ್ಲಿ ಅಮೆರಿಕದಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ಬೇಸ್‌ಬಾಲ್ ಪಂದ್ಯದ ವರ್ಣನೆಯೊಂದನ್ನು ಮಕ್ಕಳಿಗೆ ಓದಲು ಕೊಟ್ಟರು. ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ಅರ್ಥ ಮಾಡಿಕೊಂಡಿದ್ದರು. ನಮ್ಮ ಬೀದಿಯ ಹುಡುಗರಿಗೆ ಕ್ರಿಕೆಟ್ ವರದಿ ಕೊಟ್ಟು ನೋಡಿದರೂ ಸಾಕು.

ಇಲ್ಲಿಂದ ಪಠ್ಯಕ್ರಮದ ಆಯ್ಕೆಗೆ ಸೂತ್ರ ಸಿಗುತ್ತದೆ. ಕೆಲವು ವಿಷಯಗಳು ಏಣಿಯ ಹಾಗೆ, ಕೆಳಗಿನ ಮೆಟ್ಟಿಲು ತಪ್ಪಿದರೆ ಮೇಲಿನದಕ್ಕೆ ಕಾಲೇ ಎಟುಕುವುದಿಲ್ಲ. ದಶಕ ಸಾಲ ತೆಗೆಯುವುದು ಗೊತ್ತಿಲ್ಲದೆ ಭಾಗಾಕಾರಕ್ಕೆ ಹೋಗುವಂತಿಲ್ಲ. ಕನ್ನಡದ ಓದೂ ಹಾಗೆಯೇ. ವರ್ಣಮಾಲೆ ಐವತ್ತರ ಒಳಗೇ ಮುಗಿದರೂ ಕಾಗುಣಿತ, ಒತ್ತಕ್ಷರ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಕನ್ನಡ ಓದಲು ಕಲಿಯುವ ಮಕ್ಕಳನ್ನು ಅಭ್ಯಸಿಸಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ ಅಕ್ಷರಗಳ ಹಿಡಿತ ಮೊದಲೆರಡು ತರಗತಿಗಳಲ್ಲಿ ಮುಗಿಯುವ ಕೆಲಸವಲ್ಲ, ಮೂರು ನಾಲ್ಕನೇ ತರಗತಿಯವರೆಗೂ ಸಾಗುತ್ತದೆ. ಇಂಗ್ಲಿಷಿನ ವೇಳಾಪಟ್ಟಿಯನ್ನು ಕನ್ನಡಕ್ಕೆ ಹಾಕಿ, ಎಂಟು ವರ್ಷದವನು ‘ರಾಷ್ಟ್ರ’ ಎಂಬಲ್ಲಿ ತಡವರಿಸಿದನೆಂದು ಗಾಬರಿ ಬೀಳುವವರು ಇದನ್ನು ತಿಳಿಯಬೇಕು.

ಏಣಿ ಎಂಬ ಮಾತು ನನ್ನದಲ್ಲ. ನಮ್ಮ ಸರ್ಕಾರಿ ಶಾಲೆಗಳದ್ದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ, ಯುನಿಸೆಫ್ ನೆರವಿನಿಂದ ಆರಂಭವಾದ ನಲಿಕಲಿ ಎಂಬ ಕಲಿಕಾ ಪದ್ಧತಿಗೆ ಪ್ರೇರಣೆ ಮದನಪಲ್ಲಿ ಬಳಿಯ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳು. ಒಬ್ಬರೇ ಮೇಷ್ಟ್ರು, ಮುಂದೆ ಮೂರು ತರಗತಿಯ ಮಕ್ಕಳು: ಮೂವರು ಮಕ್ಕಳ ಅಮ್ಮನ ಕಷ್ಟವೇ ಇನ್ನೂ ದೊಡ್ಡ ಅಳತೆಯಲ್ಲಿ. ಅಲ್ಲಿ ಪಠ್ಯವನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಬಿಡಿಸಿ ಕಲಿಕಾ ಏಣಿಯಲ್ಲಿ ಜೋಡಿಸಿದರು. ಜ್ವರವೆಂದೋ ಜಾತ್ರೆಯೆಂದೋ ಹತ್ತು ದಿನ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತುತ್ತದೆ, ತರಗತಿ ಎಲ್ಲಿಗೆ ಹೋಯಿತೆಂದು ಓಡಬೇಕಿಲ್ಲ. ಮಕ್ಕಳು ಕೂರುವ ಗುಂಪುಗಳಿಗೆ ತಟ್ಟೆ ಎಂದು ಹೆಸರು. ಮೇಷ್ಟ್ರ ಪೂರ್ಣ ನೆರವು ಬೇಕಾದವರು ಒಂದು ಕಡೆ, ಅರೆ ನೆರವು ಸಾಕಾದವರು ಇನ್ನೊಂದು ಕಡೆ, ಗೆಳೆಯರ ಪೂರ್ಣ ನೆರವಿನಿಂದ ಕಲಿಯುವವರು, ಗೆಳೆಯರ ಅರೆ ನೆರವು ಸಾಕಾದವರು, ಕೊನೆಗೆ ತಾವೇ ಮಾಡಿಕೊಳ್ಳುವವರು. ಒಟ್ಟು ಐದು. ಹೊಸ ಮೆಟ್ಟಿಲು ಹತ್ತುವ ಮಗುವಿನ ಪಕ್ಕದಲ್ಲೇ ಮೇಷ್ಟ್ರು ಹೆಚ್ಚಾಗಿ ಇರುತ್ತಾರೆ, ಉಳಿದವರಿಗೆ ಅವರು ಆ ಹೊತ್ತಿಗೆ ಅಷ್ಟಾಗಿ ಬೇಕಿಲ್ಲ. ದುಬಾರಿ ಪಠ್ಯಕ್ರಮದ ಪೆಟ್ಟಿಗೆಗಳನ್ನು ತರಿಸುವ ಮೊದಲು ಹತ್ತಿರದ ನಲಿಕಲಿ ಕೋಣೆಯನ್ನು ಅನುಮತಿ ಪಡೆದು ಒಂದು ಬೆಳಿಗ್ಗೆ ನೋಡಿ ಬರುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಗೋಡೆಯ ಕರಿಹಲಗೆ ಮಕ್ಕಳ ಎತ್ತರಕ್ಕೆ ಇಳಿದಿರುವುದನ್ನಾದರೂ ನೋಡಬಹುದು.

ಹಾಗಾಗಿ ಗಣಿತಕ್ಕೆ, ಓದುಬರಹಕ್ಕೆ ಪ್ರತಿ ಮಗುವಿಗೂ ಅದರದ್ದೇ ಏಣಿ ಇರಲಿ. ಎಂಟರವನು ಗಣಿತದಲ್ಲಿ ನಾಲ್ಕನೇ ತರಗತಿಯಲ್ಲೂ ಕನ್ನಡದಲ್ಲಿ ಎರಡನೆಯದರಲ್ಲೂ ಇದ್ದರೆ ಇರಲಿ ಬಿಡಿ. ವಿಜ್ಞಾನ, ಚರಿತ್ರೆ, ಭೂಗೋಳ, ಕಥೆ ಇವು ಮಾತ್ರ ಅಂಗಳ, ಮೂವರೂ ಒಟ್ಟಿಗೆ ಇಳಿಯಬಹುದು.

ನೆರಳನ್ನೇ ನೋಡಿ. ಅಂಗಳದಲ್ಲಿ ಒಂದು ಕೋಲು ನೆಟ್ಟರೆ ಐದರವಳು ಗಂಟೆಗೊಮ್ಮೆ ನೆರಳಿನ ತುದಿಗೆ ಕಲ್ಲಿಡುತ್ತಾಳೆ. ಎಂಟರವನು ಸ್ಕೇಲಿನಿಂದ ಅಳೆದು ಪಟ್ಟಿ ಮಾಡುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು ಮಧ್ಯಾಹ್ನ ಸುಮಾರು 12 ಗಂಟೆ 17 ನಿಮಿಷಕ್ಕೆ ನೆರಳು ಕೋಲಿನ ಬುಡದಲ್ಲೇ ಅಡಗುತ್ತದೆ. ಹುಬ್ಬಳ್ಳಿಯಲ್ಲಿರುವ ಅತ್ತೆಯ ಮನೆಯಲ್ಲಿ ಅದೇ ಸಂಗತಿ ಮೇ ತಿಂಗಳ ಮೊದಲ ದಿನಗಳಲ್ಲಿ. ಬೆಂಗಳೂರಿಗೆ ಇದು ಆಗಸ್ಟ್ 18ರ ಹೊತ್ತಿಗೆ ಮತ್ತೆ ಬರುತ್ತದಲ್ಲ, ಯಾಕೆ ಎರಡು ಸಲ ಎಂಬುದು ಹನ್ನೊಂದರವಳ ಪ್ರಶ್ನೆ. ಸೂರ್ಯ ಉತ್ತರಕ್ಕೆ ಇಪ್ಪತ್ತಮೂರೂವರೆ ಡಿಗ್ರಿವರೆಗೆ ಹೋಗಿ ಮರಳುವಾಗ ಬೆಂಗಳೂರಿನ ಅಕ್ಷಾಂಶವಾದ ಸುಮಾರು ಹದಿಮೂರನ್ನು ಎರಡು ಬಾರಿ ದಾಟಲೇಬೇಕು. ಇದನ್ನು ಅವಳು ತಮ್ಮನಿಗೆ ಬಿಡಿಸಿ ಹೇಳಲು ಹೋಗಿ ಅರ್ಧದಲ್ಲಿ ಸಿಕ್ಕಿಬೀಳುತ್ತಾಳೆ, ಅದೇ ಒಳ್ಳೆಯದು. 1975ರಲ್ಲಿ ಸಂಶೋಧಕರಾದ ರಾಬರ್ಟ್ ಝಾಯಂಟ್ಸ್ ಮತ್ತು ಗ್ರೆಗರಿ ಮಾರ್ಕಸ್, ಕಿರಿಯರಿಗೆ ಕಲಿಸುವ ಅವಕಾಶ ಹಿರಿಯ ಮಗುವಿನ ಬುದ್ಧಿಗೆ ಲಾಭ ಎಂದು ವಾದಿಸಿದ್ದರು. ಜನನಕ್ರಮದ ಪರಿಣಾಮ ಅಂಥ ದೊಡ್ಡದಲ್ಲ ಎಂದು ಮುಂದೆ ತಿಳಿದರೂ, ಹೇಳಿಕೊಡುವಾಗ ನಮ್ಮದೇ ತಿಳಿವಿನ ತೂತು ಕಾಣುತ್ತದೆ ಎಂಬುದಕ್ಕೆ ಯಾವ ಮೇಷ್ಟ್ರನ್ನು ಕೇಳಿದರೂ ಸಾಕ್ಷಿ ಸಿಗುತ್ತದೆ.

ಇನ್ನು ಪಠ್ಯಕ್ರಮ ಕೊಳ್ಳುವ ಮಾತು. ‘ನಿಮ್ಮದು ನೋಡಿ ಕಲಿಯುವ ಮಗುವೇ, ಕೇಳಿ ಕಲಿಯುವ ಮಗುವೇ’ ಎಂದು ಕೇಳಿ ಮಾರುವ ಪಠ್ಯಕ್ರಮಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭವೆಂಬುದಕ್ಕೆ ಸಾಕಷ್ಟು ಪುರಾವೆಯಿಲ್ಲ ಎಂದು ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು 2008ರಲ್ಲೇ ತೋರಿಸಿದ್ದಾರೆ. ಅದರ ಬದಲು, ಜೂನಿನಲ್ಲಿ ಕಲಿತದ್ದನ್ನು ಆಗಸ್ಟಿನಲ್ಲಿ ಪಠ್ಯಕ್ರಮ ಪುಸ್ತಕ ಮುಚ್ಚಿಸಿ ಕೇಳುತ್ತದೆಯೇ ಎಂದು ಹಾಳೆ ತಿರುವಿ ನೋಡಿ. ಬಿಟ್ಟು ಬಿಟ್ಟು ಮರಳಿ ನೆನೆಯುವುದರ ಬಲವನ್ನು ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ ಕಂಡುಕೊಂಡು 1885ರಲ್ಲಿ ಪ್ರಕಟಿಸಿದ. ನಂತರದ ಬಹಳಷ್ಟು ಸಂಶೋಧನೆಯೂ ಅದನ್ನೇ ಹೇಳುತ್ತದೆ.

ಹಿರಿಯವಳ ವಿಷಯ ಮಾತ್ರ ಬೇಗ ಬದಲಾಗುತ್ತದೆ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರವರೆಗಿನ ಮಕ್ಕಳ ಶಾಲೆಯ ಬಗ್ಗೆ ಹೇಳುತ್ತದೆ, ಮನೆಯಲ್ಲಿ ಕಲಿಯುವವರ ಬಗ್ಗೆ ಬಾಯಿ ಬಿಡುವುದಿಲ್ಲ. ಇಂಥ ಮಕ್ಕಳಲ್ಲಿ ಅನೇಕರು ಕೊನೆಗೆ ತಲುಪುವುದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ, ಅಂದರೆ ಎನ್‌ಐಒಎಸ್‌ನ, ಹತ್ತನೇ ತರಗತಿಯ ಪರೀಕ್ಷೆಗೆ. ಹದಿನಾಲ್ಕು ತುಂಬಿದರೆ ಸೇರಬಹುದು, ಕನಿಷ್ಠ ಐದು ವಿಷಯ, ಒಂದೊಂದಾಗಿ ಬರೆದು ಮುಗಿಸಬಹುದು. ಹದಿಮೂರರ ಹೊತ್ತಿಗೆ ಅವಳ ಮೇಜಿನ ಮೇಲೆ ಆ ಪುಸ್ತಕಗಳು ಬಂದು ಕೂರುತ್ತವೆ, ಅಂಗಳದ ಹೊತ್ತು ಕಡಿಮೆಯಾಗುತ್ತದೆ. ಆ ವರ್ಷ ಏಪ್ರಿಲ್‌ನಲ್ಲಿ ಕೋಲು ನೆಡುವ ಕೆಲಸ ತಮ್ಮನ ಪಾಲಿಗೆ ಬರುತ್ತದೆ, ಸ್ಕೇಲು ತಂಗಿಯ ಕೈಗೆ.