ಬಾಣಲೆಯಿಂದ ಎದ್ದು ಬಂದ ನವಿಲು

ಸಂಕ್ರಾಂತಿಗೆ ಇನ್ನೂ ಹತ್ತು ದಿನವಿರುವಾಗಲೇ ಮಾಲೂರು ತಾಲ್ಲೂಕಿನ ಲಕ್ಕೂರು ಸೀಮೆಯ ಬಿಸಿಲಿಗೆ ಕೆಲಸ ಶುರುವಾಗುತ್ತದೆ. ಮಾಳಿಗೆಯ ಮೇಲೆ ಹಾಸಿದ ಹಳೇ ಪಂಚೆಯಲ್ಲಿ ಒಂದು ಕಡೆ ಕೊಬ್ಬರಿ ಚೂರು, ಇನ್ನೊಂದು ಕಡೆ ಬೆಲ್ಲದ ಚೂರು. ಕಾಗೆ ಬಾರದಂತೆ ಕಾಯುವ ಕೆಲಸ ಮಕ್ಕಳದು. ಕಾವಲು ಕೂತವರೇ ಆಗಾಗ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುವುದನ್ನು ಯಾವ ಮನೆಯಲ್ಲೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಎಳ್ಳು ಬೆಲ್ಲದಲ್ಲಿ ಪುಟ್ಟ ಕೈಗಳಿಗೆ ಎಷ್ಟೊಂದು ಕೆಲಸವಿದೆ ನೋಡಿ. ಹುರಿದ ಕಡಲೆಕಾಯಿ ಬೀಜ ಆರಿದ ಮೇಲೆ ಅಂಗೈಯಲ್ಲಿ ಉಜ್ಜಬೇಕು, ಮೊರಕ್ಕೆ ಹಾಕಿ ಸಿಪ್ಪೆ ಊದಬೇಕು, ಬೀಜವನ್ನು ಎರಡು ಬೇಳೆಯಾಗಿ ಬಿಡಿಸಬೇಕು. ಹುರಿಗಡಲೆಯಲ್ಲಿ ಕಲ್ಲು ಆರಿಸಬೇಕು. ಅಡಕತ್ತರಿ ಮಾತ್ರ ಅಜ್ಜಿಯ ಕೈಯಲ್ಲಿ. ಬೆಲ್ಲವನ್ನೂ ಕೊಬ್ಬರಿಯನ್ನೂ ಹುರಿಗಡಲೆಯ ಗಾತ್ರಕ್ಕೆ ಹೆಚ್ಚುವುದು ನಾಲ್ಕು ವರ್ಷದವರ ಕೆಲಸವಲ್ಲ. ಒಣಗಿಸುವುದಕ್ಕೂ ಕಾರಣವಿದೆ. ತೇವ ಉಳಿದರೆ ಬೆಲ್ಲ ಕರಗಿ ಎಲ್ಲವೂ ಮುದ್ದೆಯಾಗುತ್ತದೆ, ಕೊಬ್ಬರಿ ಕಮಟು ಹಿಡಿಯುತ್ತದೆ.

ಈ ಐದು ಪದಾರ್ಥಗಳು ಒಂದೇ ತಟ್ಟೆಗೆ ಒಂದೇ ಸಲ ಬಂದವಲ್ಲ. ಎಳ್ಳು ಬಲು ಹಿರಿಯದು. ಹರಪ್ಪದ ಅಗೆತದಲ್ಲೇ ಸುಟ್ಟ ಎಳ್ಳು ಸಿಕ್ಕಿದೆ. ನಾವು ದಿನಕ್ಕೆ ಹತ್ತು ಸಲ ಹೇಳುವ ‘ಎಣ್ಣೆ’ ಕೂಡ ಎಳ್ಳು ಮತ್ತು ನೆಯ್ ಸೇರಿ ಆದ ಪದ. ಸಂಸ್ಕೃತದ ‘ತೈಲ’ವೂ ತಿಲದಿಂದಲೇ ಹುಟ್ಟಿದ್ದು. ತೀರ ಕಿರಿಯದು ಕಡಲೆಕಾಯಿ. ಅದರ ತವರು ದಕ್ಷಿಣ ಅಮೆರಿಕ. ಯುರೋಪಿನವರ ಹಡಗುಗಳು ಸಾಗರ ದಾಟಲು ತೊಡಗಿದ ಮೇಲಷ್ಟೇ ಅದು ಇತ್ತ ಬಂದದ್ದು. ಮೂರನೆಯ ಮಂಗರಸ 1508ರ ಸುಮಾರಿಗೆ ‘ಸೂಪಶಾಸ್ತ್ರ’ ಬರೆದಾಗ ಕನ್ನಡದ ಅಡುಗೆಮನೆಯಲ್ಲಿ ಕಡಲೆಕಾಯಿಯೇ ಇರಲಿಲ್ಲ. ಇವತ್ತು ಕೋಲಾರದ ಕೆಂಪು ಮಣ್ಣಿಗೆ ಅದು ಎಷ್ಟು ಒಗ್ಗಿದೆಯೆಂದರೆ, ಬೇಯಿಸಿದ ಕಡಲೆಕಾಯಿ, ಅವರೆಕಾಯಿ, ಗೆಣಸು ಇಲ್ಲದ ಸಂಕ್ರಾಂತಿಯನ್ನು ಈ ಕಡೆಯವರು ಹಬ್ಬವೆಂದೇ ಒಪ್ಪುವುದಿಲ್ಲ.

ಆದರೆ ಮಕ್ಕಳ ಕಣ್ಣು ನೆಟ್ಟಿರುವುದು ಸಕ್ಕರೆ ಅಚ್ಚಿನ ಮೇಲೆ.

ಅಟ್ಟದಿಂದ ಇಳಿದ ಮರದ ಅಚ್ಚುಗಳು ಹಿಂದಿನ ರಾತ್ರಿಯೇ ನೀರಿಗೆ ಬೀಳುತ್ತವೆ. ನೀರು ಕುಡಿದ ಮರ ಪಾಕವನ್ನು ಹೀರುವುದಿಲ್ಲ, ಸಕ್ಕರೆ ಅಂಟಿಕೊಳ್ಳುವುದಿಲ್ಲ. ಎರಡು ಹೋಳುಗಳನ್ನು ಜೋಡಿಸಿ, ದಾರವನ್ನೋ ರಬ್ಬರ್ ಬ್ಯಾಂಡನ್ನೋ ಬಿಗಿದು ಸಾಲಾಗಿ ನಿಲ್ಲಿಸಿದರೆ ಕೆಲಸ ಅರ್ಧ ಮುಗಿದಂತೆ. ಇನ್ನು ಪಾಕ. ಮುಳುಗುವಷ್ಟೇ ನೀರು ಹಾಕಿ ಸಕ್ಕರೆ ಕರಗಿಸಿ, ಕುದಿ ಬಂದಾಗ ಒಂದೆರಡು ಚಮಚ ಹಾಲು ಹಾಕುತ್ತಾರೆ. ಹಾಲು ಒಡೆದು ಕೊಳೆಯನ್ನೆಲ್ಲ ಹಿಡಿದುಕೊಂಡು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು ಒದ್ದೆ ಬಟ್ಟೆಯಲ್ಲಿ ಸೋಸಿದರೆ ಪಾಕ ತಿಳಿ. ಕೆಲವರು ನಾಲ್ಕು ಹನಿ ನಿಂಬೆರಸ ಹಿಂಡುತ್ತಾರೆ. ಹುಳಿ ಸಕ್ಕರೆಯ ಒಂದು ಪಾಲನ್ನು ಒಡೆದು, ಹರಳು ಅವಸರದಲ್ಲಿ ಕಟ್ಟದಂತೆ ತಡೆಯುತ್ತದೆ.

ಸೋಸಿದ್ದನ್ನೆಲ್ಲ ಒಟ್ಟಿಗೆ ಕಾಯಿಸುವಂತಿಲ್ಲ. ಒಂದು ಸೌಟು, ಹೆಚ್ಚೆಂದರೆ ಎರಡು ಸೌಟು ಪುಟ್ಟ ಬಾಣಲೆಗೆ ಹಾಕಿ, ಹದಕ್ಕೆ ಬಂದಾಗ ಇಳಿಸಿ ತಿರುವಬೇಕು. ಗಾಜಿನಂತಿದ್ದ ಪಾಕ ಅಂಚಿನಿಂದ ಮಬ್ಬಾಗುತ್ತಾ, ನೋಡನೋಡುತ್ತಿದ್ದಂತೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ತಿರುವಿದಷ್ಟೂ ಹುಟ್ಟುವ ಸಣ್ಣ ಸಣ್ಣ ಹರಳುಗಳು ಬೆಳಕನ್ನು ಚದುರಿಸುವುದರಿಂದಲೇ ಆ ಬಿಳುಪು. ಅಚ್ಚಿನ ಬಾಯಿಗೆ ಹೊಯ್ಯಲು ಸಿಗುವುದು ಆ ಒಂದೆರಡು ಗಳಿಗೆ. ತಡವಾದರೆ ಬಾಣಲೆಯಲ್ಲೇ ಕಲ್ಲಾಗುತ್ತದೆ, ಬೇಗ ಹೊಯ್ದರೆ ಅಚ್ಚಿನೊಳಗೆ ಅಂಟಾಗಿ ಉಳಿಯುತ್ತದೆ. ಕುದಿವ ನೀರಿಗಿಂತ ಬಿಸಿಯಾದ ಈ ಪಾಕ ಮೈಗೆ ಬಿದ್ದರೆ ಅಂಟಿಕೊಂಡು ಸುಡುವುದರಿಂದ ಮಕ್ಕಳು ಒಲೆಯಿಂದ ನಾಲ್ಕು ಮಾರು ದೂರವೇ ಇರಬೇಕು. ಅವರ ಸರದಿ ಬರುವುದು ಅಚ್ಚು ಆರಿದ ಮೇಲೆ. ದಾರ ಬಿಚ್ಚಿ, ಮೆಲ್ಲಗೆ ಹೋಳು ಬೇರ್ಪಡಿಸಿದರೆ ಒಳಗೊಂದು ನವಿಲು, ಇಲ್ಲವೇ ಆನೆ, ಮೀನು, ತುಳಸಿಕಟ್ಟೆ, ಕಳಶ. ಕತ್ತು ಮುರಿದ ನವಿಲು ಬೀರುವ ತಟ್ಟೆಗೆ ಹೋಗುವುದಿಲ್ಲ, ತೆರೆದವರ ಪಾಲಿಗೇ ಬರುತ್ತದೆ. ತೆರೆಯುವಾಗ ಅಷ್ಟೊಂದು ಕತ್ತುಗಳು ಮುರಿಯುವುದು ಅದಕ್ಕೇ ಇರಬೇಕು.

ಸಕ್ಕರೆಗೆ ಆಕಾರ ಕೊಡುವ ಆಸೆ ನಮ್ಮದಷ್ಟೇ ಅಲ್ಲ. ಉತ್ತರ ಭಾರತದಲ್ಲಿ ದೀಪಾವಳಿಗೆ ಇಂಥದೇ ಅಚ್ಚುಗಳಿಂದ ಸಕ್ಕರೆಯ ಆನೆ, ಕುದುರೆ ಮಾಡುತ್ತಾರೆ. ಅವುಗಳ ಹೆಸರೇ ‘ಖಿಲೌನೆ’, ಎಂದರೆ ಆಟಿಕೆ. ಸಕ್ಕರೆಯ ಜೊತೆ ಅದರ ಪದವೂ ದೂರ ಹೋಗಿದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ ಕಬ್ಬಿನ ಹಾಲಿನಿಂದ ಆಗುವ ಐದು ಪದಾರ್ಥಗಳನ್ನು ಎಣಿಸುತ್ತದೆ: ಫಾಣಿತ, ಗುಡ, ಮತ್ಸ್ಯಂಡಿಕಾ, ಖಂಡ, ಶರ್ಕರಾ. ಇದರಲ್ಲಿ ಮೊದಲನೆಯದಾದ ‘ಫಾಣಿತ’ ಪರ್ಷಿಯನ್ನರ ಬಾಯಲ್ಲಿ ‘ಪಾನೀದ್’ ಆಯಿತು, ಅರಬ್ಬರಲ್ಲಿ ‘ಫಾನೀದ್’, ಸ್ಪೇನಿನಲ್ಲಿ ‘ಅಲ್ಫೆನಿಕೆ’. ಸ್ಪೇನಿನವರ ಜೊತೆ ಹಡಗು ಹತ್ತಿದ ಆ ಪದ ಇಂದು ಮೆಕ್ಸಿಕೋದ ತೊಲೂಕಾ ಪಟ್ಟಣದ ಜಾತ್ರೆಯ ಹೆಸರು. ನವೆಂಬರ್ ಆರಂಭದಲ್ಲಿ ತೀರಿಕೊಂಡವರನ್ನು ನೆನೆಯುವ ಹಬ್ಬಕ್ಕೆ ಅಲ್ಲಿ ಸಕ್ಕರೆಯ ತಲೆಬುರುಡೆ, ಕುರಿಮರಿ ಮಾಡಿ ಬಣ್ಣ ಬಳಿಯುತ್ತಾರೆ. ಇಟಲಿಯ ಸಿಸಿಲಿ ದ್ವೀಪದಲ್ಲೂ ಅದೇ ದಿನಗಳಲ್ಲಿ ಮಕ್ಕಳಿಗೆ ಸಕ್ಕರೆ ಗೊಂಬೆ ಸಿಗುತ್ತದೆ. ಅಲ್ಲಿನ ಅಚ್ಚು ಗಾರೆಯದು. ಪಾಕ ಹೊಯ್ಯುವ ಮೊದಲು ಅದನ್ನೂ ನೀರಲ್ಲಿ ನೆನೆಸುತ್ತಾರೆ!

ನಮ್ಮ ಹಳೇ ಮೈಸೂರಿನಲ್ಲಿ ಬಿಳಿ ಸಕ್ಕರೆ ಊರೂರಿಗೆ ತಲುಪುವ ದಾರಿ ತೆರೆದದ್ದು ಕನ್ನಂಬಾಡಿ ಕಟ್ಟೆಯ ನೀರು ಮಂಡ್ಯದ ಕಬ್ಬಿಗೆ ಹರಿದು, 1933ರಲ್ಲಿ ಅಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದ ಮೇಲೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದೆ ಕೆರೆ, ಕೊಳವೆಬಾವಿಯನ್ನೇ ನೆಚ್ಚಿದ ಕೋಲಾರದ ಕಡೆಗೆ ಸಕ್ಕರೆ ಅಂಗಡಿಯಿಂದಲೇ ಬರಬೇಕು. ಅದಕ್ಕೇ ಇರಬೇಕು, ಇಲ್ಲಿನ ಮಕ್ಕಳ ಹಬ್ಬದ ಕೈಗೆಲಸ ಹೆಚ್ಚಾಗಿ ಹಟ್ಟಿ, ಹೊಲದಿಂದ ಸಿಗುವುದರಲ್ಲೇ ನಡೆಯುತ್ತದೆ. ಧನುರ್ಮಾಸದ ರಂಗೋಲಿಯ ನಡುವೆ ಸಗಣಿಯ ಉಂಡೆ ಇಟ್ಟು ಕುಂಬಳದ ಹೂ ಸಿಕ್ಕಿಸುವುದು ಹೆಣ್ಣುಮಕ್ಕಳ ಮುಂಜಾನೆಯ ಕೆಲಸ; ತೆಲುಗು ಮಾತಾಡುವ ಮನೆಗಳಲ್ಲಿ ಅದು ಗೊಬ್ಬೆಮ್ಮ. ಆ ಮನೆಗಳಲ್ಲೇ ಭೋಗಿಯ ಸಂಜೆ ಪುಟ್ಟ ಮಕ್ಕಳನ್ನು ಕೂರಿಸಿ ಎಲಚಿಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ತಲೆಯ ಮೇಲೆ ಸುರಿಯುತ್ತಾರೆ. ಅತ್ತ ಆಂಧ್ರ, ಇತ್ತ ತಮಿಳುನಾಡಿನ ಹೊಸೂರು. ಈ ಜಿಲ್ಲೆಯ ಹಬ್ಬ ಮೂರು ಭಾಷೆಯಲ್ಲಿ ನಡೆಯುತ್ತದೆ. ಹಬ್ಬದ ಬೆಳಿಗ್ಗೆ ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು ಬಲೂನು ಕಟ್ಟಿದ ಹುಡುಗರೇ ಸಂಜೆ ಕಿಚ್ಚು ಹಾಯಿಸುವಾಗ ತಮ್ಮ ಹಸು ಯಾವುದೆಂದು ಕೂಗಿ ತೋರಿಸುತ್ತಾರೆ.

ಈಗ ಎಳ್ಳು ಬೆಲ್ಲ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ, ಅಚ್ಚು ಡಬ್ಬಿಯಲ್ಲಿ. ಬೆಳಿಗ್ಗೆ ಮಾಲೂರಿನಿಂದ ಬೆಂಗಳೂರಿನ ರೈಲು ಹಿಡಿದು ಕತ್ತಲಾದ ಮೇಲೆ ಮನೆ ಸೇರುವ ಅಪ್ಪ ಅಮ್ಮಂದಿರಿಗೆ ಅದು ದೊಡ್ಡ ಅನುಕೂಲ. ಆದರೂ ಒಂದು ಭಾನುವಾರ ಬಿಡುವು ಸಿಕ್ಕರೆ, ಒಲೆ ಹಚ್ಚದೆಯೂ ಮಕ್ಕಳ ಕೈಯಲ್ಲಿ ಅಚ್ಚು ಮಾಡಿಸಬಹುದು. ಒಂದು ಲೋಟ ಸಕ್ಕರೆಗೆ ಎರಡು ಚಿಕ್ಕ ಚಮಚ ನೀರು ಚಿಮುಕಿಸಿ, ಒದ್ದೆ ಮರಳಿನಂತಾಗುವವರೆಗೆ ಕಲಸಬೇಕು. ಸಣ್ಣ ಬಟ್ಟಲಿಗೋ ಸಿಲಿಕೋನ್ ಅಚ್ಚಿಗೋ ಒತ್ತಿ ತುಂಬಿ, ತಟ್ಟೆಯ ಮೇಲೆ ಬೋರಲು ಹಾಕಿ, ಒಂದು ದಿನ ಮುಟ್ಟದೆ ಒಣಗಲು ಬಿಡಬೇಕು. ಮನೆಯಲ್ಲಿ ಮಾಡುವ ಸಕ್ಕರೆ ತಲೆಬುರುಡೆ ಎಷ್ಟೋ ಸಲ ಆಗುವುದೂ ಹೆಚ್ಚುಕಡಿಮೆ ಹೀಗೆಯೇ. ಮುಟ್ಟದೆ ಇರುವ ಆ ಒಂದು ದಿನವೇ ಮಕ್ಕಳಿಗೆ ಕಷ್ಟ.

ಬೀರಿ ಉಳಿದ ಅಚ್ಚುಗಳನ್ನು ಫೆಬ್ರವರಿಯಲ್ಲಿ ಕುಟ್ಟಿ ಪಾಯಸಕ್ಕೆ ಹಾಕುತ್ತಾರೆ. ಮರದ ಅಚ್ಚುಗಳನ್ನು ತೊಳೆದು, ಸೀಳದಂತೆ ನೆರಳಲ್ಲಿ ಒಣಗಿಸಿ, ಇರುವೆ ಮುತ್ತದಂತೆ ಬಟ್ಟೆಯಲ್ಲಿ ಸುತ್ತಿ ಮತ್ತೆ ಅಟ್ಟಕ್ಕೆ ಏರಿಸುತ್ತಾರೆ.